ಐದನೆಯ ದಿನದ ಮೊಟ್ಟೆಗಳು

ಸೀತಾಂಗೋಳಿ ಪೇಟೆಯಿಂದ ಒಳಗೆ ಎರಡು ಕಿಲೋಮೀಟರ್ ಹೋದರೆ ಜಯಂತನ ಹ್ಯಾಚರಿ, ಮೊಟ್ಟೆಗಳಿಗೆ ಯಂತ್ರದಲ್ಲಿ ಕಾವು ಕೊಟ್ಟು ಮರಿ ಮಾಡಿಸುವ ಜಾಗ. ಅಲ್ಲಿ ದಮಯಂತಿಯ ಕೆಲಸ ಒಂದೇ: ಆ ದಿನ ಮೊಟ್ಟೆಯೊಡೆದು ಬಂದ ಕೋಳಿಮರಿಗಳಲ್ಲಿ ಹೇಂಟೆ ಯಾವುದು, ಹುಂಜ ಯಾವುದು ಎಂದು ಬೇರೆ ಮಾಡುವುದು. ಮಂಗಳವಾರ ಮತ್ತು ಶುಕ್ರವಾರ ಮರಿಗಳು ಹೊರಬರುತ್ತಿದ್ದವು. ಬೆಳಿಗ್ಗೆ ಏಳಕ್ಕೆ ಬಲ್ಬಿನ ಕೆಳಗೆ ಕೂತರೆ ಮಧ್ಯಾಹ್ನ ಎರಡರವರೆಗೆ ಅವಳ ಕೈ ನಿಲ್ಲುತ್ತಿರಲಿಲ್ಲ. ಎಡಗೈಯಲ್ಲಿ ಮರಿಯನ್ನೆತ್ತಿ, ಮಗುಚಿ, ಹೆಬ್ಬೆರಳಿನಿಂದ ಬಾಲದ ಬುಡವನ್ನು ಮೆಲ್ಲಗೆ ಒತ್ತಿದರೆ ಒಳಗಿನದು ತುಸು ಹೊರಗೆ ತೋರುತ್ತದೆ. ಅಲ್ಲಿ ಅರ್ಧ ಸಾಸಿವೆಯಷ್ಟು ಗುಳ್ಳೆ ಕಂಡರೆ ಹುಂಜ, ಇಲ್ಲದಿದ್ದರೆ ಹೇಂಟೆ. ನೋಡುವುದು, ಬಲಕ್ಕೋ ಎಡಕ್ಕೋ ಬುಟ್ಟಿಗೆ ಬಿಡುವುದು, ಮುಂದಿನದನ್ನು ಎತ್ತುವುದು.

ಇಪ್ಪತ್ತೊಂದು ವರ್ಷಗಳಿಂದ ಅವಳು ಇದನ್ನು ಮಾಡುತ್ತಿದ್ದಳು. ಮದುವೆಗೆ ಮೊದಲು ತಮಿಳುನಾಡಿನ ಒಂದು ಫಾರ್ಮಿನಲ್ಲಿ ಮೂರು ತಿಂಗಳು ಕೂತು ಕಲಿತದ್ದು. ನೂರರಲ್ಲಿ ಒಂದೆರಡು ತಪ್ಪಬಹುದು, ಅದಕ್ಕಿಂತ ಹೆಚ್ಚು ತಪ್ಪಿದ್ದಿಲ್ಲ. ಈಗ ಅವಳಿಗೆ ನಲವತ್ತೇಳು. ಬಲ್ಬಿನ ಬೆಳಕಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಹೆಬ್ಬೆರಳಿನ ಗಂಟು ಊದಿಕೊಂಡು, ಮನೆಯಲ್ಲಿ ಬಟ್ಟೆ ಹಿಂಡುವುದಕ್ಕೂ ಆಗುತ್ತಿರಲಿಲ್ಲ. ಗಂಡ ಮಹಾಬಲ ಕೆಂಪುಕಲ್ಲಿನ ಕೋರೆಯಲ್ಲಿ ದುಡಿದು ಸಂಜೆ ಮೈತುಂಬ ಕೆಂಪು ಧೂಳು ಹೊತ್ತು ಬರುತ್ತಿದ್ದ. ಅವಳು ತೊಳೆದ ಬಟ್ಟೆಗಳನ್ನು ಅವನೇ ಹಿಂಡಿ ಹಗ್ಗದ ಮೇಲೆ ಹಾಕುತ್ತಿದ್ದ. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಮಾತಿಗೆ ಬೇಸರವೆಂದಲ್ಲ, ಮಾತಾಡುವಷ್ಟು ಉಸಿರು ಉಳಿದಿರುತ್ತಿರಲಿಲ್ಲ.

ಹೇಂಟೆಮರಿಗಳಿಗೆ ಗಿರಾಕಿಗಳಿದ್ದರು. ಹುಂಜಗಳನ್ನು ಕೇಳುವವರು ಕಡಿಮೆ. ಅರ್ಧದಷ್ಟು ಹೇಗೋ ಮಾರಿಹೋಗುತ್ತಿದ್ದವು. ಉಳಿದವನ್ನು ಏನು ಮಾಡುತ್ತಾರೆಂದು ದಮಯಂತಿ ಕೇಳುತ್ತಿರಲಿಲ್ಲ.

ಜಯಂತ ಕೆಟ್ಟ ಮನುಷ್ಯನಲ್ಲ. ಹದಿಮೂರು ವರ್ಷ ಶಾರ್ಜಾದಲ್ಲಿ ಎಸಿ ರಿಪೇರಿ ಮಾಡಿ, ಕೂಡಿಟ್ಟದ್ದನ್ನೆಲ್ಲ ಈ ಯಂತ್ರಗಳಿಗೆ ಹಾಕಿದವನು. ದಮಯಂತಿಗಿಂತ ಆರು ವರ್ಷ ಚಿಕ್ಕವನಾದರೂ ಧಣಿಯೆಂದು ಅವಳು ಅವನನ್ನು ಜಯಂತಣ್ಣ ಎನ್ನುತ್ತಿದ್ದಳು. ಅವನು ದಮಯಂತಕ್ಕ ಎನ್ನುತ್ತಿದ್ದ. ಪ್ರತಿ ಶುಕ್ರವಾರ ಹುಂಜಗಳ ಬುಟ್ಟಿ ನೋಡಿ ಅವನದು ಅದೇ ಮಾತು.

"ಇಪ್ಪತ್ತೊಂದು ದಿನ ಕಾವು ಕೊಟ್ಟು, ಕರೆಂಟು ಸುಟ್ಟು, ಕೊನೆಗೆ ಅರ್ಧ ಮೊಟ್ಟೆ ದಂಡ. ಎಂತ ವ್ಯಾಪಾರ ಇದು ಅಕ್ಕ?"

"ದೇವರು ಹಾಗೆ ಮಾಡಿದ್ದಲ್ಲವಾ?" ಎಂದು ಅವಳು ತಲೆ ಎತ್ತದೆ ಹೇಳುತ್ತಿದ್ದಳು.

ಕಳೆದ ಸೆಪ್ಟೆಂಬರಿನ ಒಂದು ಬುಧವಾರ, ಬಾಕಿ ಉಳಿದ ಮರಿಗಳನ್ನು ನೋಡಲು ಹೋಗಿದ್ದಾಗ ದಮಯಂತಿ ಒಂದು ಹೊಸ ಸಂಗತಿ ಕಂಡಳು. ಯಂತ್ರ ನೋಡಿಕೊಳ್ಳುವ ಮಂಜ, ಕಾವಿಗಿಟ್ಟು ಐದು ದಿನವಾದ ಮೊಟ್ಟೆಗಳ ಟ್ರೇಗಳನ್ನು ಹೊರಗೆ ಸಾಲಾಗಿ ಇಟ್ಟುಕೊಂಡಿದ್ದ. ಪಕ್ಕದಲ್ಲಿ ನೀಲಿ ಕ್ಯಾನು, ಅಗಲವಾದ ಪ್ಲಾಸ್ಟಿಕ್ ಟಬ್ಬು. ಮೊಟ್ಟೆಗಳನ್ನು ಅದರಲ್ಲಿ ಮುಳುಗಿಸಿ ತೆಗೆದು ಒಣಗಿಸುತ್ತಿದ್ದ. ಸ್ಪಿರಿಟಿನಂಥ ವಾಸನೆ. ಮಂಜನಿಗೆ ಐವತ್ತು ದಾಟಿತ್ತು. ಕಾವಿಗಿಟ್ಟ ಮೊಟ್ಟೆಯನ್ನು ನಡುವೆ ಹೊರಗೆ ತೆಗೆಯಬಾರದೆಂದು ಎಲ್ಲರಿಗೂ ಹೇಳಿಕೊಡುತ್ತಿದ್ದವನೇ ಅವನು.

"ಇದು ಎಂತದು ಮಂಜಣ್ಣ?"

"ವಿಟಮಿನ್ ಅಂತೆ. ಧಣಿ ಹೇಳಿದ್ದು. ಕೊಯಮತ್ತೂರಿಂದ ಯಾರೋ ಏಜೆಂಟ್ ತಂದದ್ದು."

ಅವಳು ಮತ್ತೇನೂ ಕೇಳಲಿಲ್ಲ. ಕೇಳಬಹುದಿತ್ತು. ಬಸ್ಸಿಗೆ ಹೊತ್ತಾಗಿತ್ತು.

ಆ ಮೊಟ್ಟೆಗಳು ಒಡೆದದ್ದು ಒಂದು ಶುಕ್ರವಾರ. ಹತ್ತಿರ ಹತ್ತಿರ ಸಾವಿರ ಮರಿ. ಮೊದಲ ಇನ್ನೂರಕ್ಕೇ ದಮಯಂತಿಗೆ ಏನೋ ಎಡವಟ್ಟಾಗಿದೆ ಎನ್ನಿಸಿತು. ಹೇಂಟೆಗಳ ಎಡಗಡೆಯ ಬುಟ್ಟಿ ತುಂಬಿತ್ತು, ಬಲಗಡೆಯದರಲ್ಲಿ ಬರೀ ಹತ್ತು ಹನ್ನೆರಡು. ಒತ್ತಿ ನೋಡಿದ್ದೆಲ್ಲ ಹೇಂಟೆ. ತನ್ನ ಕಣ್ಣೇ ಸೋತಿತೇನೋ ಎಂದು ಎದ್ದು ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಬಂದಳು. ಆಮೇಲೆ, ಸಂಶಯ ಬಂದಾಗ ಮಾಡುವಂತೆ, ಒಂದು ಮರಿಯ ರೆಕ್ಕೆ ಬಿಡಿಸಿ ನೋಡಿದಳು. ಆ ತಳಿಯಲ್ಲಿ ಮೊದಲ ದಿನವೇ ಹೇಂಟೆಯ ರೆಕ್ಕೆಯಂಚಿನ ಗರಿಗಳು ಒಂದು ಸಾಲು ಉದ್ದ, ಒಂದು ಸಾಲು ಗಿಡ್ಡ ಇರುತ್ತವೆ. ಹುಂಜಕ್ಕೆ ಎರಡು ಸಾಲೂ ಸಮ. ಹೇಂಟೆಯೆಂದು ಬುಟ್ಟಿಗೆ ಹಾಕಿದ್ದ ಆ ಮರಿಯ ರೆಕ್ಕೆಯಲ್ಲಿ ಎರಡು ಸಾಲೂ ಸಮವಾಗಿದ್ದವು. ಇನ್ನೊಂದನ್ನು ನೋಡಿದಳು, ಸರಿಯಿತ್ತು. ಮತ್ತೊಂದು, ಸಮ. ಮತ್ತೊಂದೂ ಸಮ.

ಅವಳು ಜಯಂತನನ್ನು ಕರೆದಳು.

"ಎಂತ ಆಯ್ತು ಅಕ್ಕ?"

"ಕೆಳಗೆ ನೋಡಿದ್ರೆ ಹೇಂಟೆ, ರೆಕ್ಕೆ ನೋಡಿದ್ರೆ ಹುಂಜ. ಒಂದೆರಡಲ್ಲ ಜಯಂತಣ್ಣ, ಬುಟ್ಟಿಯಲ್ಲಿ ಅರ್ಧಕ್ಕರ್ಧ ಹೀಗೇ ಉಂಟು. ಇಷ್ಟು ವರ್ಷದಲ್ಲಿ ನಾನು ಹೀಗೆ ನೋಡಿದ್ದಿಲ್ಲ."

ಜಯಂತನ ಮುಖದಲ್ಲಿ ಒಂದು ಗಳಿಗೆ ಖುಷಿ ಮಿಂಚಿದ್ದನ್ನು ಅವಳು ಕಂಡಳು. "ಕೆಳಗೆ ಹೇಂಟೆ ಅಂತ ನೀವೇ ಹೇಳಿದ್ರಲ್ಲ? ಕೋಳಿ ಮೊಟ್ಟೆ ಇಡುವುದು ಕೆಳಗಿಂದ, ರೆಕ್ಕೆಯಿಂದ ಅಲ್ಲ ಮಾರಾಯ್ತಿ. ನೀವು ಹೇಂಟೆ ಅಂತಲೇ ಹಾಕಿ."

"ನನಗೆ ಧೈರ್ಯ ಬರುವುದಿಲ್ಲ."

"ಧೈರ್ಯ ಎಂತಕ್ಕೆ? ಕಂಡದ್ದನ್ನು ಬರೀರಿ, ಸಾಕು."

ಆ ಮರಿಗಳು ಎಣ್ಮಕಜೆಗೆ ಹೋಗಬೇಕಾಗಿದ್ದವು. ಪಂಚಾಯತಿನ ಯೋಜನೆಯಲ್ಲಿ ನೂರ ಎಂಬತ್ತು ಮನೆಯ ಹೆಂಗಸರಿಗೆ ಐದೈದು ಹೇಂಟೆಮರಿ. ಹತ್ತು ದಿನ ಸಾಕಿ ಕೊಡಬೇಕು; ಜೊತೆಗೆ ಎಲ್ಲವೂ ಹೇಂಟೆಯೆಂದು ಬೇರೆ ಮಾಡಿದವರ ಸಹಿ ಇರುವ ಸರ್ಟಿಫಿಕೇಟು. ಕಡೆಯ ಮರಿ ಬುಟ್ಟಿಗೆ ಬಿದ್ದಾಗ ಮೂರೂವರೆ ಆಗಿತ್ತು. ದಮಯಂತಿ ಊಟ ಮಾಡಿರಲಿಲ್ಲ. ಜಯಂತ ಕಾಗದವನ್ನು ಮುಂದಿಟ್ಟು ಪೆನ್ನಿನ ಮುಚ್ಚಳ ತೆಗೆದು ಕೊಟ್ಟ. ಇನ್ನೊಮ್ಮೆ ಅದೇ ಮಾತು ಹೇಳಿ, ಅವನಿಂದ ಅದೇ ಉತ್ತರ ಕೇಳುವಷ್ಟು ಶಕ್ತಿ ಅವಳಲ್ಲಿ ಇರಲಿಲ್ಲ. ಊದಿದ ಬೆರಳಿನಲ್ಲಿ ಪೆನ್ನು ಹಿಡಿದು ಸಹಿ ಹಾಕಿದಳು.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಅವಳ ಮನೆಯಂಗಳಕ್ಕೆ ಒಬ್ಬ ಹುಡುಗಿ ಬಂದಳು. ಮೂವತ್ತರ ಒಳಗಿನ ಪ್ರಾಯ, ಬೆವರಿದ ಮುಖ, ಕೈಯಲ್ಲಿ ಬಟ್ಟೆ ಕಟ್ಟಿದ ಬುಟ್ಟಿ.

"ಸರ್ಟಿಫಿಕೇಟಲ್ಲಿ ಇರುವ ದಮಯಂತಿ ನೀವೇನಾ?"

"ಹೌದು. ನೀನು ಯಾರು ಮಗಾ?"

"ರಶ್ಮಿತಾ ಅಂತ. ಎಣ್ಮಕಜೆಯಿಂದ. ಕುಟುಂಬಶ್ರೀ ಹೆಂಗಸರ ಸಂಘದ ನಮ್ಮ ವಾರ್ಡಿನ ಸೆಕ್ರೆಟರಿ ನಾನು." ಅವಳು ಬುಟ್ಟಿ ಕೆಳಗಿಟ್ಟು ಬಟ್ಟೆ ಬಿಚ್ಚಿದಳು. "ಇದನ್ನು ನೋಡಿ. ನೀವು ಕೊಟ್ಟ ಹೇಂಟೆ."

ಬುಟ್ಟಿಯಿಂದ ಎದ್ದು ನಿಂತ ಕೋಳಿಯ ಜುಟ್ಟು ಹೇಂಟೆಗಾದರೆ ದೊಡ್ಡದು, ಹುಂಜಕ್ಕಾದರೆ ಸಣ್ಣದು. ಕಾಲು ದಪ್ಪ. ಬಾಲದಲ್ಲಿ ಬಾಗಿದ ಗರಿ ಎರಡೇ. ಅದು ಅಂಗಳವನ್ನೆಲ್ಲ ಒಮ್ಮೆ ನೋಡಿ, ಕುತ್ತಿಗೆ ಚಾಚಿ, ಒಡಕು ದನಿಯಲ್ಲಿ ಕೂಗಿತು.

"ಅರ್ಧದಷ್ಟು ಕೋಳಿ ಹೀಗೇ," ಎಂದಳು ರಶ್ಮಿತಾ. "ಮೊಟ್ಟೆ ಇಲ್ಲ, ಬರೀ ಕೂಗುವುದು. ಹೇಂಟೆ ಕೂಗಿದ್ರೆ ಮನೆಗೆ ಆಗುವುದಿಲ್ಲ ಅಂತ ಅಜ್ಜಿಯಂದಿರು ಹೇಳಿ ಕೆಲವರು ಕೊಂದು ಹೂತಾಯ್ತು. ಕೆಲವರು ಸಾರು ಮಾಡಿ ತಿಂದರು. ಎಲ್ಲ ಬಂದು ನನ್ನ ಹತ್ರ ಜಗಳ. ಮರಿಗೆ ಅರ್ಜಿ ಬರೆಸಿದ್ದು ನಾನಲ್ಲವಾ! ಹ್ಯಾಚರಿಗೆ ಫೋನು ಮಾಡಿದ್ರೆ ತೆಗೆಯುವುದಿಲ್ಲ. ಅದಕ್ಕೆ ಹೆಸರು ಹುಡುಕಿಕೊಂಡು ಇಲ್ಲಿಗೆ ಬಂದೆ. ನಿಮಗೆ ಹೇಂಟೆ-ಹುಂಜ ಗೊತ್ತಾಗುವುದಿಲ್ಲವಾ?"

ದಮಯಂತಿ ಕೋಳಿಯನ್ನು ಹಿಡಿದು ಮಡಿಲಲ್ಲಿಟ್ಟುಕೊಂಡಳು. ಅದರ ಎದೆ ಬಡಿದುಕೊಳ್ಳುತ್ತಿತ್ತು. ಗೊತ್ತಾಗಿತ್ತು ಎಂದು ಹೇಳಲು ಬಾಯಿ ಬರಲಿಲ್ಲ. "ನಾಳೆ ಮೃಗಾಸ್ಪತ್ರೆಗೆ ಹೋಗುವ," ಎಂದಳು. "ಡಾಕ್ಟ್ರು ನೋಡಲಿ. ನಾನೂ ಬರ್ತೇನೆ."

ಮೃಗಾಸ್ಪತ್ರೆಯ ಡಾಕ್ಟರ್ ಉಜ್ವಲಾ ಬೆಳಗಿನ ಜಾವ ಕಾರಡ್ಕದಲ್ಲಿ ಹಸುವೊಂದರ ಕಷ್ಟದ ಹೆರಿಗೆ ಮಾಡಿಸಿ ಬಂದಿದ್ದರು. ಬೂಟಿನಲ್ಲಿ ಇನ್ನೂ ಸಗಣಿ ಇತ್ತು. ಎದುರಿನ ಚಹಾ ತಣ್ಣಗಾಗಿತ್ತು. ಕೋಳಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಕೊಯ್ಯದೆ ಗೊತ್ತಾಗುವುದಿಲ್ಲ, ಆಗಬಹುದಾ?" ಎಂದು ಕೇಳಿದರು. ರಶ್ಮಿತಾ ತಲೆಯಾಡಿಸಿದಳು.

ಸಿಮೆಂಟು ಮೇಜಿನ ಮೇಲೆ ಡಾಕ್ಟರು ಕೋಳಿಯ ಹೊಟ್ಟೆ ಬಿಡಿಸಿ ಕರುಳುಗಳನ್ನು ಬದಿಗೆ ಸರಿಸಿದರು. ಬೆನ್ನೆಲುಬಿಗೆ ಅಂಟಿಕೊಂಡಂತೆ ಬಲಗಡೆ ಹುರುಳಿಕಾಳಿನಾಕಾರದ ಬಿಳಿ ಗಂಟೊಂದಿತ್ತು. ಎಡಗಡೆಯದು ಚಪ್ಪಟೆ, ಅಂಕುಡೊಂಕು. ಅದರ ಅಂಚಿನಲ್ಲಿ ಗಸಗಸೆಯಂಥ ಹಳದಿ ಚುಕ್ಕೆಗಳು. ಅದರಿಂದ ಕೆಳಗೆ ದಾರದಂತೆ ಒಂದು ಕೊಳವೆ ಇಳಿದಿತ್ತು.

"ಇದು ಹುಂಜ," ಎಂದರು ಡಾಕ್ಟರು. "ಆದರೆ ಹುಂಜದ ಹೊಟ್ಟೆಯಲ್ಲಿ ಮೊಟ್ಟೆ ಇಳಿಯುವ ಕೊಳವೆ ಯಾಕೆ ಉಂಟು? ಈ ಎಡದ್ದು ನೋಡಿ. ಬೀಜವೂ ಅಲ್ಲ, ಮೊಟ್ಟೆಕೋಶವೂ ಅಲ್ಲ."

"ಹಾಗೆ ಆಗ್ತದಾ?" ಎಂದಳು ರಶ್ಮಿತಾ.

ಡಾಕ್ಟರು ಗ್ಲೌಸು ತೆಗೆದು ಸ್ಟೂಲಿನ ಮೇಲೆ ಕುಳಿತರು. "ಕಾವಿಗಿಟ್ಟ ಮೊದಲ ನಾಲ್ಕೈದು ದಿನ ಒಳಗಿನ ಭ್ರೂಣ ಹುಂಜವೋ ಹೇಂಟೆಯೋ ಅಂತ ನೋಡಿ ಹೇಳ್ಲಿಕ್ಕೆ ಆಗುವುದಿಲ್ಲ. ಬೆನ್ನೆಲುಬಿನ ಎರಡು ಬದಿಗೆ ಒಂದೊಂದು ಸಣ್ಣ ಗಂಟು, ಅಷ್ಟೇ. ಅದು ಯಾವ ದಾರಿಗೂ ಹೋಗಬಹುದು. ಆರನೇ ದಿನದ ಹೊತ್ತಿಗೆ ದಾರಿ ಬೇರೆಯಾಗ್ತದೆ. ಹುಂಜದಲ್ಲಿ ಎರಡೂ ಗಂಟು ಬೀಜ ಆಗ್ತವೆ. ಹೇಂಟೆಯಲ್ಲಿ ಎಡದ್ದು ಮಾತ್ರ ಮೊಟ್ಟೆಕೋಶ ಆಗುವುದು, ಬಲದ್ದು ಬೆಳೆಯದೆ ಬಾಡ್ತದೆ."

"ಅದನ್ನು ತೀರ್ಮಾನ ಮಾಡುವುದು ಯಾರು?"

"ವರ್ಣತಂತು. ನಮ್ಮದರ ತಿರುಗಾಮುರುಗಾ ಕೋಳಿಯಲ್ಲಿ. ಹುಂಜಕ್ಕೆ ಝಡ್ ಅನ್ನುವ ವರ್ಣತಂತು ಎರಡು, ಹೇಂಟೆಗೆ ಒಂದೇ. ಆ ಝಡ್‌ನಲ್ಲಿ ಒಂದು ಜೀನು ಉಂಟು. ಅದು ಎರಡು ಪಾಲು ಸಿಕ್ಕಿದ್ರೆ ಗಂಟು ಬೀಜ ಆಗ್ತದೆ. ಒಂದು ಪಾಲು ಸಾಕಾಗುವುದಿಲ್ಲ. ಆಗ ಗಂಟು ತಾನೇ ಹೆಣ್ಣಿನ ಹಾರ್ಮೋನು ತಯಾರು ಮಾಡಿಕೊಂಡು ಮೊಟ್ಟೆಕೋಶ ಆಗ್ತದೆ. ಈಗ, ಸರಿಯಾಗಿ ಆ ಹೊತ್ತಿಗೆ ಯಾರಾದರೂ ಹೊರಗಿನಿಂದ ಆ ಹಾರ್ಮೋನು ಕೊಟ್ಟರು ಅಂತ ಇಟ್ಟುಕೊಳ್ಳಿ. ಹುಂಜದ ಗಂಟು ಕೂಡ ಹೆಣ್ಣಿನ ದಾರಿ ಹಿಡೀತದೆ. ಮರಿ ಹುಟ್ಟಿದಾಗ ಒತ್ತಿ ನೋಡಿದ್ರೆ ಹೇಂಟೆ ಅಂತಲೇ ಕಾಣಬಹುದು."

"ಮತ್ತೆ ರೆಕ್ಕೆ?" ದಮಯಂತಿಯ ಬಾಯಿಂದ ಮಾತು ತಾನಾಗಿ ಹೊರಬಿತ್ತು.

ಡಾಕ್ಟರು ಅವಳತ್ತ ನೋಡಿದರು. "ರೆಕ್ಕೆ ಮದ್ದಿನ ಮಾತು ಕೇಳುವುದಿಲ್ಲ. ಗರಿಯದ್ದು ವರ್ಣತಂತಿನ ಲೆಕ್ಕ. ಕೋಳಿಯ ಮೈಯಲ್ಲಿ ಒಂದೊಂದು ಕಣಕ್ಕೂ ತಾನು ಯಾವುದು ಅಂತ ಗೊತ್ತಿರ್ತದೆ. ಮದ್ದಿನ ಪ್ರಭಾವ ಮುಗಿದ ಮೇಲೆ ಈ ಗಂಟು ಕೂಡ ಮೆಲ್ಲ ಮೆಲ್ಲ ಹಿಂದೆ ಬರ್ತದೆ. ಇದೂ ಬರ್ತಾ ಇತ್ತು, ಪೂರ್ತಿ ಬರ್ಲಿಲ್ಲ." ಆಮೇಲೆ ಕೇಳಿದರು, "ನಿಮ್ಮ ಹ್ಯಾಚರಿಯಲ್ಲಿ ಐದನೇ ದಿನದ ಹೊತ್ತಿಗೆ ಮೊಟ್ಟೆಗೆ ಎಂತಾದರೂ ಹಾಕಿದ್ರಾ?"

ನೀಲಿ ಕ್ಯಾನು, ಸಾಲಾಗಿಟ್ಟ ಟ್ರೇಗಳು, ಸ್ಪಿರಿಟಿನ ವಾಸನೆ ಎಲ್ಲವೂ ದಮಯಂತಿಯ ಕಣ್ಣ ಮುಂದೆ ಬಂದವು. "ನಾನು ಯಂತ್ರದ ಕೆಲಸಕ್ಕೆ ಹೋಗುವುದಿಲ್ಲ ಡಾಕ್ಟ್ರೇ," ಎಂದಳು. "ಕೇಳಿ ಹೇಳ್ತೇನೆ."

ಹಿಂತಿರುಗುವ ಬಸ್ಸಿನಲ್ಲಿ ರಶ್ಮಿತಾ ಖಾಲಿ ಬುಟ್ಟಿಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಪೆರ್ಲದ ದಾರಿ ಕವಲೊಡೆಯುವಲ್ಲಿ ಇಳಿಯುವ ಮೊದಲು ಹೇಳಿದಳು, "ಅಕ್ಕ, ನಮ್ಮೂರಲ್ಲಿ ಮದ್ದು ಅಂದ್ರೆ ಎಂತ ಅಂತ ನಿಮಗೆ ಗೊತ್ತುಂಟಲ್ಲ? ನನ್ನ ಅಣ್ಣ ಕುಶಲ್‌ಗೆ ಮೂವತ್ತೆರಡು ವರ್ಷ. ಇವತ್ತಿಗೂ ಅಮ್ಮನೇ ಊಟ ಮಾಡಿಸುವುದು. ನಾವು ಸಣ್ಣವರಿದ್ದಾಗ ಗೇರುತೋಟಕ್ಕೆ ಹುಳದ ಮದ್ದು ಹೊಡೆಯುವ ಹೆಲಿಕಾಪ್ಟರ್ ಬಂದ್ರೆ ನೋಡ್ಲಿಕ್ಕೆ ಅಂಗಳಕ್ಕೆ ಓಡ್ತಿದ್ದೆವು. ಮೈಮೇಲೆ ಬಿದ್ದದ್ದು ಮಳೆಹನಿಯ ಹಾಗೆ ಇತ್ತು. ಯಾರೂ ಹೇಳ್ಲಿಲ್ಲ, ಎಂತದು ಅಂತ." ಅವಳು ಎದ್ದು ಕಂಬಿ ಹಿಡಿದಳು. "ಬರುವ ಶನಿವಾರ ಪಂಚಾಯತಿನ ಹಾಲ್‌ನಲ್ಲಿ ಮೀಟಿಂಗ್ ಉಂಟು. ಹ್ಯಾಚರಿಯವರು ಬರಬೇಕು ಅಂತ ಹೇಳಿದ್ದಾರೆ. ನೀವೂ ಬನ್ನಿ."

ಮರುದಿನ ದಮಯಂತಿ ಜಯಂತನ ಕೋಣೆಗೆ ಹೋಗಿ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು. ಜಯಂತ ಬಾಗಿಲು ಮುಚ್ಚಿ ಬಂದು ಕುಳಿತ. ವಾರದಿಂದ ನಿದ್ದೆಯಿಲ್ಲದ ಮುಖ.

"ಏಜೆಂಟ್ ಮೊದಲು ವಿಟಮಿನ್ ಅಂತಲೇ ಹೇಳಿದ್ದು. ಆಮೇಲೆ ಎಲ್ಲ ಹೇಂಟೆ ಆಗ್ತದೆ ಅಂದಾಗ ನನಗೆ ಗೊತ್ತಾಯ್ತು. ಗೊತ್ತಾಗ್ಲಿಲ್ಲ ಅಂತ ಹೇಳುವುದಿಲ್ಲ ಅಕ್ಕ. ಒಂದೇ ಒಂದು ಬ್ಯಾಚ್ ಮಾಡಿದ್ದು. ನೀವು ರೆಕ್ಕೆಯ ಮಾತು ಹೇಳಿದ ಮೇಲೆ ಹೆದರಿಕೆಯಾಗಿ ಕ್ಯಾನು ಚೆಲ್ಲಿದೆ."

"ಮತ್ತೆ ಆ ಮರಿಗಳನ್ನು ಯಾಕೆ ಕೊಟ್ಟದ್ದು?"

ಅವನು ಮೇಜಿನ ಮೇಲಿನ ಬಿಲ್ಲುಗಳ ಕಟ್ಟನ್ನು ಬದಿಗೆ ಸರಿಸಿದ. "ಒಂದು ಉಪಕಾರ ಮಾಡಿ. ಶನಿವಾರ, ಕಣ್ಣು ಸರಿ ಕಾಣ್ಲಿಲ್ಲ, ಬೇರೆ ಮಾಡುವಾಗ ತಪ್ಪಿ ಹೋಯ್ತು ಅಂತ ಹೇಳಿ. ನಿಮ್ಮ ಕಣ್ಣಲ್ಲಿ ನೀರು ಬರುವುದು ಎಲ್ಲರಿಗೂ ಗೊತ್ತುಂಟು. ಯಾರೂ ನಿಮ್ಮನ್ನು ಬೈಯುವುದಿಲ್ಲ. ನಾನು ಎಲ್ಲ ಮನೆಗೂ ಬೇರೆ ಹೇಂಟೆ ಕೊಡ್ತೇನೆ. ಆದರೆ ಎಣ್ಮಕಜೆಯಲ್ಲಿ ನಿಂತು ಮದ್ದು ಅಂತ ಹೇಳಿದ್ರೆ ಈ ಬಾಗಿಲು ಮತ್ತೆ ತೆರೆಯುವುದಿಲ್ಲ. ಹದಿನಾಲ್ಕು ಜನ ಇದ್ದೇವೆ ಇಲ್ಲಿ. ಮಂಜಣ್ಣನ ಮಗಳ ಮದುವೆ ಮೇ ತಿಂಗಳಲ್ಲಿ."

ದಮಯಂತಿ ಎದ್ದು ಬಾಗಿಲು ತೆರೆದಳು. ಹೊರಗೆ ಬಂದಾಗ ಮಂಜ ಯಂತ್ರದ ಪಕ್ಕ ನಿಂತು ಅವಳನ್ನೇ ನೋಡುತ್ತಿದ್ದ.

ಆ ಸಂಜೆ ಮಹಾಬಲ ಕೈಕಾಲು ತೊಳೆದು ಜಗಲಿಯಲ್ಲಿ ಕುಳಿತಾಗ ಅವಳು ಎಲ್ಲವನ್ನೂ ಹೇಳಿದಳು. ಅವನು ಚಹಾ ಮುಗಿಯುವವರೆಗೂ ಕೇಳಿದ.

"ಕಣ್ಣು ಕಾಣ್ಲಿಲ್ಲ ಅಂತ ಹೇಳುವುದು ಸುಲಭ," ಎಂದಳು ದಮಯಂತಿ. "ಒಂದು ಮಾತಲ್ಲಿ ಮುಗೀತದೆ. ನನಗೂ ಸಾಕಾಗಿದೆ."

"ನಿನ್ನ ಕಣ್ಣಿಗೆ ಎಂತದೂ ಆಗ್ಲಿಲ್ಲ," ಎಂದ ಮಹಾಬಲ. "ದೂರದ ಬಸ್ಸಿನ ಬೋರ್ಡು ಇವತ್ತಿಗೂ ಮೊದಲು ಓದುವುದು ನೀನು." ಆಮೇಲೆ ಲೋಟ ತೊಳೆದಿಡುತ್ತ, "ಹೇಳು, ಹೇಳ್ಬೇಡ, ಅದು ನಿನಗೆ ಬಿಟ್ಟದ್ದು. ನಾನು ಇದ್ದೇನೆ," ಎಂದು ಬಟ್ಟೆ ಹಿಂಡಲು ಎದ್ದ.

ಶನಿವಾರ ಬಸ್ಸಿನಲ್ಲಿ ಎಣ್ಮಕಜೆಗೆ ಹೋಗುವಾಗ, ಕಣ್ಣಿನ ಮಾತೇ ಹೇಳುವುದೆಂದು ದಮಯಂತಿ ನಿಶ್ಚಯಿಸಿಕೊಂಡಿದ್ದಳು. ಮಂಜನ ಮಗಳು ನೆನಪಾಗುತ್ತಿದ್ದಳು. ಜಯಂತನಿಗೆ ಬುದ್ಧಿ ಬಂದಿದೆ, ಕ್ಯಾನು ಚೆಲ್ಲಿಯಾಗಿದೆ, ಇನ್ನು ಕೆದಕಿ ಯಾರಿಗೆ ಏನು ಪ್ರಯೋಜನ ಎಂದು ತನಗೆ ತಾನೇ ಹೇಳಿಕೊಂಡಳು.

ಪಂಚಾಯತಿನ ಸಭಾಂಗಣದಲ್ಲಿ ನೂರಕ್ಕೂ ಹೆಚ್ಚು ಹೆಂಗಸರಿದ್ದರು. ಮುಂದಿನ ಸಾಲಿನಲ್ಲಿ ರಶ್ಮಿತಾ, ಒಂದು ಬದಿಯ ಕುರ್ಚಿಯಲ್ಲಿ ಡಾಕ್ಟರ್ ಉಜ್ವಲಾ, ಇನ್ನೊಂದು ಬದಿಯಲ್ಲಿ ಜಯಂತ. ಕೂಗಾಟ ನಡೆದೇ ಇತ್ತು. ಜಯಂತ ಎದ್ದು ಕೈಮುಗಿದು, ಬೇರೆ ಮರಿ ಕೊಡುವುದಾಗಿ ಹೇಳಿ, "ಬೇರೆ ಮಾಡುವವರು ಬಂದಿದ್ದಾರೆ, ಅವರೇ ಹೇಳ್ತಾರೆ" ಎಂದು ದಮಯಂತಿಯತ್ತ ತೋರಿಸಿ ಕುಳಿತುಬಿಟ್ಟ.

ಅವಳು ಎದ್ದು ನಿಂತಳು. "ನಾನು ಇಪ್ಪತ್ತೊಂದು ವರ್ಷದಿಂದ ಈ ಕೆಲಸ ಮಾಡುವವಳು. ಬಲ್ಬಿನ ಬೆಳಕಲ್ಲಿ ನೋಡಿ ನೋಡಿ ನನ್ನ ಕಣ್ಣು..."

"ಪಾಪ, ಅವಳನ್ನು ಎಂತ ಮಾಡುವುದು, ನಮ್ಮ ಹಾಗೆ ದುಡಿಯುವವಳು," ಎಂದು ಹಿಂದಿನಿಂದ ಯಾರೋ ಅಂದರು. ಗದ್ದಲ ಸ್ವಲ್ಪ ಇಳಿಯಿತು. ಅಷ್ಟರಲ್ಲಿ ಗೋಡೆಯ ಪಕ್ಕ ಕುಳಿತಿದ್ದ ಒಬ್ಬ ಮುದುಕಿ ಎದ್ದರು. ಬಿಳಿ ಕೂದಲು, ಬಾಗಿದ ಬೆನ್ನು.

"ನನಗೆ ಕೋಳಿ ಬೇಡ ಮಗಾ. ಒಂದೇ ಒಂದು ಕೇಳ್ತೇನೆ. ನನ್ನ ಸೊಸೆ ಆರು ತಿಂಗಳ ಬಸುರಿ. ಕೂಗುವ ಕೋಳಿ ಎರಡನ್ನು ಸಾರು ಮಾಡಿ ಅವಳಿಗೆ ನಾನೇ ಬಡಿಸಿದ್ದು. ಅದು ಬರೀ ಹುಂಜವೇ ಅಲ್ಲವಾ? ಬೇರೆ ಎಂತದೂ ಇಲ್ಲವಲ್ಲ?"

ಹೌದು, ಬರೀ ಹುಂಜ. ಮೂರೇ ಶಬ್ದ. ಹೇಳಿಬಿಟ್ಟರೆ ಆ ಮುದುಕಿ ನೆಮ್ಮದಿಯಿಂದ ಮನೆಗೆ ಹೋಗುತ್ತಾರೆ, ತಾನೂ ಹೋಗಬಹುದು. ದಮಯಂತಿ ಬಾಯಿ ತೆರೆದಳು. ಆದರೆ ಬರೀ ಹುಂಜವೇ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಆ ಸಾರಿನಲ್ಲಿ ಏನಿತ್ತು, ಏನಿರಲಿಲ್ಲ ಎಂಬುದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ.

"ನನ್ನ ಕಣ್ಣು ಸರಿ ಉಂಟು," ಎಂದಳು. "ಮೊಟ್ಟೆಗಳಿಗೆ ಐದನೇ ದಿನ ಒಂದು ಮದ್ದು ಹಾಕಿದ್ದರು. ಎಲ್ಲ ಹೇಂಟೆ ಆಗ್ಲಿಕ್ಕೆ. ಟಬ್ಬಿನಲ್ಲಿ ಮುಳುಗಿಸುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ವಿಟಮಿನ್ ಅಂದರು, ನಾನು ಮತ್ತೆ ಕೇಳ್ಲಿಲ್ಲ. ಮರಿ ಬಂದ ದಿನ ಕೆಳಗೆ ಹೇಂಟೆ, ರೆಕ್ಕೆ ಹುಂಜದ್ದು. ಸರಿ ಇಲ್ಲ ಅಂತ ನನಗೆ ಆ ದಿನವೇ ಗೊತ್ತಿತ್ತು."

ಜಯಂತ ತಲೆ ತಗ್ಗಿಸಿದ್ದ. ರಶ್ಮಿತಾ ಕುಳಿತಲ್ಲಿಂದಲೇ ಕೇಳಿದಳು, "ಗೊತ್ತಿದ್ದೂ ಸಹಿ ಹಾಕಿದ್ರಾ?"

"ಹೌದು ಮಗಾ. ಹಾಕಿದೆ."

ಮುದುಕಿ ಡಾಕ್ಟರತ್ತ ತಿರುಗಿದರು. ಡಾಕ್ಟರು ಎದ್ದು, "ಅಮ್ಮ, ಸುಳ್ಳು ಹೇಳುವುದಿಲ್ಲ," ಎಂದರು. "ಮೊಟ್ಟೆಗೆ ಹಾಕಿದ್ದು ಬಹಳ ಕಡಿಮೆ. ಹತ್ತಿರ ಹತ್ತಿರ ಆರು ತಿಂಗಳಾಯ್ತು. ಕೋಳಿಯ ಮೈಯಲ್ಲಿ ಉಳಿದಿರುವ ಸಂಭವ ತೀರಾ ಕಡಿಮೆ. ಆದರೆ ಪರೀಕ್ಷೆ ಆಗದೆ, ಎಂತದೂ ಇಲ್ಲ ಅಂತ ನನಗೆ ಹೇಳ್ಲಿಕ್ಕೆ ಆಗುವುದಿಲ್ಲ. ಇವತ್ತೇ ಕೋಳಿಗಳನ್ನು ಲ್ಯಾಬಿಗೆ ಕಳಿಸ್ತೇನೆ. ವರದಿ ಬರುವವರೆಗೆ ಯಾರೂ ತಿನ್ನಬೇಡಿ, ಮಾರಬೇಡಿ. ಸೊಸೆಯನ್ನು ಸೋಮವಾರ ಆಸ್ಪತ್ರೆಗೆ ಕರಕೊಂಡು ಹೋಗುವ. ನಾನೂ ಬರ್ತೇನೆ."

ಮುದುಕಿ ಗೋಡೆ ಹಿಡಿದು ಕುಳಿತರು. ಒಬ್ಬಳು ಅಳಲು ಶುರುಮಾಡಿದಳು. ಯಾರೋ ಜಯಂತನ ಎದುರು ಹೋಗಿ ಕೈ ಬೀಸಿ ಬೈದರು. ದಮಯಂತಿಗೆ ಯಾರೂ ಬೈಯಲಿಲ್ಲ, ಯಾರೂ ಅವಳ ಪಕ್ಕ ನಿಲ್ಲಲೂ ಇಲ್ಲ. ಅವಳು ಹೊರಗೆ ಬಂದು ಒಬ್ಬಳೇ ಬಸ್ಸಿಗೆ ಕಾದಳು.

ಮುಂದಿನ ವಾರ ಅಧಿಕಾರಿಗಳು ಬಂದು ಹ್ಯಾಚರಿಗೆ ಬೀಗ ಹಾಕಿದರು. ಕಾವಿನಲ್ಲಿದ್ದ ಮೊಟ್ಟೆಗಳೆಲ್ಲ ಹಾಳಾದವು. ಹೇಳಿಕೆ ಕೊಡಲು ದಮಯಂತಿ ಮೂರು ಸಲ ಕಾಸರಗೋಡಿಗೆ ಹೋದಳು. ಎರಡು ಸಲ ಬರೆದುಕೊಳ್ಳಬೇಕಾದವರೇ ಇರಲಿಲ್ಲ. ಮೂರನೆಯ ಸಲ ಒಬ್ಬರು ಅವಳ ಮಾತನ್ನು ಮಲಯಾಳದಲ್ಲಿ ಬರೆದು ಓದಿ ಹೇಳಿ, ಸಹಿ ಹಾಕಿಸಿಕೊಂಡರು. ಸಹಿ ಹಾಕುವ ಮೊದಲು ಅವಳು ಅದನ್ನು ಇನ್ನೊಮ್ಮೆ ಓದಿಸಿದಳು.

ಪೇಟೆಯಲ್ಲಿ ಒಮ್ಮೆ ಮಂಜ ಎದುರಾದ. "ನೀವು ಹೇಳಿದ್ದು ಸರಿ ಇರಬಹುದು," ಎಂದ. "ನಾನು ಈಗ ಒಂದು ಫ್ಯಾಕ್ಟರಿಯಲ್ಲಿ ವಾಚ್‌ಮನ್. ಮಗಳ ಮದುವೆ ಮುಂದೆ ಹೋಯ್ತು." ಅವಳು ಏನಾದರೂ ಹೇಳುವ ಮೊದಲೇ ರಸ್ತೆ ದಾಟಿ ಹೋದ. ಆ ದಿನ ಸಾಮಾನು ಕೊಳ್ಳದೆ ಅವಳು ಮನೆಗೆ ಬಂದಳು.

ಕೆಲಸವಿಲ್ಲದ ಮೊದಲ ವಾರಗಳಲ್ಲಿ ಅವಳು ಬರೀ ಮಲಗಿದಳು. ಏಳುವುದು, ಗಂಜಿ ಬೇಯಿಸುವುದು, ಮತ್ತೆ ಮಲಗುವುದು. ಇಪ್ಪತ್ತೊಂದು ವರ್ಷದ ನಿದ್ದೆ ಎಲ್ಲಿ ಕೂತಿತ್ತೋ, ಒಟ್ಟಿಗೆ ಬಂದಂತಿತ್ತು. ನಿದ್ದೆಯಲ್ಲೂ ಹೆಬ್ಬೆರಳು ಒತ್ತುತ್ತಿರುತ್ತದೆಂದು ಮಹಾಬಲ ಹೇಳಿದ.

ಜೂನಿನಲ್ಲಿ, ಮಳೆ ಹಿಡಿದ ಮೇಲೆ, ರಶ್ಮಿತಾ ಒದ್ದೆ ಕೊಡೆ ಹಿಡಿದು ಬಂದಳು. ದಮಯಂತಿ ಚಹಾ ಮಾಡಿದಳು. ಇಬ್ಬರೂ ಜಗಲಿಯಲ್ಲಿ ಕುಳಿತರು.

"ವರದಿ ಬಂತು," ಎಂದಳು ರಶ್ಮಿತಾ. "ಕೋಳಿಯಲ್ಲಿ ಎಂತದೂ ಉಳಿದಿಲ್ಲ ಅಂತೆ. ಆ ಅಜ್ಜಿಯ ಸೊಸೆಗೆ ಮೊನ್ನೆ ಹೆರಿಗೆ ಆಯ್ತು. ಹೆಣ್ಣುಮಗು. ಚೆಂದ ಉಂಟು, ಮೂರು ಕಿಲೋ. ಆದರೂ ಅಜ್ಜಿ ದಿನಾ ಹತ್ತು ಸಲ ಮಗುವಿನ ಕೈಕಾಲು ಬಿಡಿಸಿ ನೋಡ್ತಾರೆ. ಬೇಡ ಅಂದ್ರೂ ಕೇಳುವುದಿಲ್ಲ."

"ನೋಡಲಿ," ಎಂದಳು ದಮಯಂತಿ. ಎದೆಯ ಮೇಲಿನ ಭಾರ ಇಳಿಯಿತೇ ಎಂದು ಕಾದಳು. ಸ್ವಲ್ಪ ಇಳಿಯಿತು. ಪೂರ್ತಿ ಇಳಿಯಲಿಲ್ಲ.

"ಜಯಂತ ಪುನಃ ಹ್ಯಾಚರಿ ತೆರೆದಿದ್ದಾರಂತೆ. ಸಣ್ಣದಾಗಿ. ನಿಮ್ಮನ್ನು ಕರೀಲಿಲ್ಲವಾ?"

"ಇಲ್ಲ. ಕರೆಯುವುದೂ ಇಲ್ಲ."

ರಶ್ಮಿತಾ ಲೋಟ ಕೆಳಗಿಟ್ಟಳು. "ಆ ದಿನ ಹೇಳದಿದ್ರೂ ಆಗ್ತಿತ್ತಲ್ಲ ಅಕ್ಕ. ವರದಿಯಲ್ಲಿ ಎಂತದೂ ಬರ್ಲಿಲ್ಲ. ನಮಗೆ ಮೂರು ತಿಂಗಳ ಹೆದರಿಕೆ ತಪ್ತಿತ್ತು. ಕೆಲವರು ಹಾಗೆ ಹೇಳುವವರೂ ಇದ್ದಾರೆ ಊರಲ್ಲಿ."

"ನೀನು ಎಂತ ಹೇಳ್ತೀ?"

ರಶ್ಮಿತಾ ತೋಟದ ಕಡೆ ತಿರುಗಿದಳು. "ನನಗೆ ಹೆದರಿಕೆಯಾದ್ರೂ ಅಡ್ಡಿಯಿಲ್ಲ. ಗೊತ್ತಿಲ್ಲದೆ ಇರುವುದು ಬೇಡ."

ಹೊರಡುವ ಮೊದಲು ಅವಳು ಬಂದ ಕೆಲಸ ಹೇಳಿದಳು. ವಾರ್ಡಿನ ಹೆಂಗಸರೇ ಸೇರಿ ಮೊಟ್ಟೆಗೆ ಕಾವು ಕೊಡುವ ಒಂದು ಸಣ್ಣ ಯಂತ್ರ ಇಡುವ ಯೋಚನೆಯಿತ್ತು. ಡಾಕ್ಟರು ಸಹಾಯ ಮಾಡುತ್ತಾರೆ. ಮರಿಗಳನ್ನು ಬೇರೆ ಮಾಡುವುದನ್ನು ಮಾತ್ರ ಯಾರಾದರೂ ಬಂದು ಕಲಿಸಬೇಕು.

"ನನ್ನನ್ನು ಸೇರಿಸ್ತಾರಾ ಅವರು?"

"ಅರ್ಧ ಜನ ಬೇಡ ಅಂತಾರೆ. ಅರ್ಧ ಜನ ನೀವೇ ಆಗಬೇಕು ಅಂತಾರೆ."

ದಮಯಂತಿ ತನ್ನ ಬೆರಳನ್ನು ನೋಡಿಕೊಂಡಳು. ಊತ ಇಳಿದಿತ್ತು, ನೋವು ಹೋಗಿರಲಿಲ್ಲ. "ಈಗ ಆಗುವುದಿಲ್ಲ ಮಗಾ. ಇನ್ನೂ ಸ್ವಲ್ಪ ದಿನ ನನ್ನನ್ನು ಮಲಗಲಿಕ್ಕೆ ಬಿಡು."

"ಆಗಸ್ಟಿನಲ್ಲಿ, ಚಿಂಗ ತಿಂಗಳು ಹುಟ್ಟಿದ ಮೇಲೆ ಬರಲಾ?"

"ಬಾ. ಆಗ ಮಾತಾಡುವ."

ಮಳೆ ಜೋರಾಯಿತು. ರಶ್ಮಿತಾ ಕೊಡೆ ಬಿಡಿಸಿ, ಬಸ್ಸಿಗೆ ಹೊತ್ತಾಯಿತೆಂದು ಓಡಿದಳು. ದಮಯಂತಿ ಲೋಟಗಳನ್ನು ಒಳಗಿಟ್ಟು, ಗಂಡ ಬರಲು ಇನ್ನೂ ಒಂದು ಗಂಟೆ ಇದೆಯೆಂದು ಲೆಕ್ಕ ಹಾಕಿ, ಒಲೆಯ ಮೇಲೆ ಅನ್ನಕ್ಕೆ ನೀರಿಟ್ಟು, ನೀರು ಕುದಿಯುವವರೆಗೆ ಅಲ್ಲೇ ಗೋಡೆಗೊರಗಿ ಕಣ್ಣು ಮುಚ್ಚಿದಳು.